ಎರಡನೆಯ ಲೇಖಕಿಯ ಸಹಿ

ತನ್ನ ಹೆಸರನ್ನು ಏಳುನೂರ ನಲವತ್ತಮೂರು ಸಲ ನೆನೆದಿರುವ ಈ ಜಗತ್ತಿನಲ್ಲಿ ತನಗೊಂದು ಸೀಟು ಬಿಟ್ಟುಕೊಡುವವರು ಯಾರೂ ಇಲ್ಲವಲ್ಲ ಎಂದುಕೊಳ್ಳುತ್ತ ಡೊಸೆಂಟ್ ಮಿಂಕೊ ಚೊಲಾಕೊವ್ ಟ್ರಾಮಿನ ಕಂಬಕ್ಕೆ ಜೋತುಬಿದ್ದು ನಿಂತಿದ್ದ. ಟ್ರಾಮಿನೊಳಗೆ ಸೋಫಿಯಾ ನಗರದ ಅರ್ಧ ಜನ ಇದ್ದರು, ಉಳಿದರ್ಧ ಜನರ ಮೆಣಸಿನಕಾಯಿ ಚೀಲಗಳಿದ್ದವು. ಸೆಪ್ಟೆಂಬರ್ ಬಂತೆಂದರೆ ಈ ಊರಿನಲ್ಲಿ ಮನುಷ್ಯರಿಗಿಂತ ಕೆಂಪು ದೊಣ್ಣೆಮೆಣಸಿನಕಾಯಿಗೇ ಮರ್ಯಾದೆ ಜಾಸ್ತಿ. ಕಿಟಕಿಯ ಪಕ್ಕದ ಸೀಟಿನಲ್ಲಿ ಇಪ್ಪತ್ತು ಕಿಲೋ ಚೀಲವೊಂದು ರಾಣಿಯ ಹಾಗೆ ಕುಳಿತು ಹೊರಗಿನ ನೋಟ ನೋಡುತ್ತಿತ್ತು, ಅದರ ಒಡತಿ ನಿಂತಿದ್ದಳು, ಮಿಂಕೊ ಅವಳ ಹಿಂದೆ ನಿಂತಿದ್ದ. ಅವನ ವಯಸ್ಸು ಅರವತ್ತೊಂದು. ಅದರಲ್ಲಿ ಇಪ್ಪತ್ತೆರಡು ವರ್ಷ ಡೊಸೆಂಟ್ ಆಗಿಯೇ, ಅಂದರೆ ಪ್ರೊಫೆಸರ್ ಆಗುವುದಕ್ಕೆ ಸರಿಯಾಗಿ ಒಂದು ಮೆಟ್ಟಿಲು ಕೆಳಗೆ, ಕಳೆದಿದ್ದ. ಆ ಮೆಟ್ಟಿಲಿನ ಮೇಲೆ ಅವನು ನಿಂತ ಜಾಗ ಎಷ್ಟು ಸವೆದಿತ್ತೆಂದರೆ ಮಳೆ ಬಂದರೆ ನೀರು ನಿಲ್ಲುತ್ತಿತ್ತು. ಈ ಸಲ ತಪ್ಪಿದರೆ ಮುಂದಿನ ಸಲವಿಲ್ಲ. ಮುಂದಿನ ಸಲದ ಹೊತ್ತಿಗೆ ಅವನಿಗೆ ನಿವೃತ್ತಿ. ಅರ್ಜಿ ಇವತ್ತು ನಾಲ್ಕು ಗಂಟೆಗೆ ಮುಚ್ಚುತ್ತದೆ. ಈಗ ಹನ್ನೊಂದೂವರೆ. ಕಂಕುಳಲ್ಲಿದ್ದ ಚರ್ಮದ ಚೀಲದಲ್ಲಿ ಖಾಲಿ ನಮೂನೆಯ ಎರಡು ಪ್ರತಿಗಳು, ಒಂದು ಬಣ್ಣದ ಚಿತ್ರ, ಒಂದು ಪೆನ್ನು. ಚೀಲ ಹಗುರವಾಗಿತ್ತು. ಆದರೂ ಭುಜ ನೋಯುತ್ತಿತ್ತು.

ಆ ಬಣ್ಣದ ಚಿತ್ರ ಸ್ವಿಲೆನಾ ಮಾಡಿಕೊಟ್ಟದ್ದು. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆಯುವಷ್ಟರಲ್ಲಿ ಅವಳು ಬಂದು ಕುಳಿತಿದ್ದಳು. ಒಂಬತ್ತು ವರ್ಷಗಳಲ್ಲಿ ಅವಳಿಗಿಂತ ಮೊದಲು ಅವನು ಒಳಗೆ ಬಂದದ್ದಿಲ್ಲ. ಮೂವತ್ತಾರರ ಹೆಂಗಸು, ಅವನ ಕೈಕೆಳಗೇ ಡಾಕ್ಟರೇಟ್ ಮಾಡಿ ಅವನ ಕೈಕೆಳಗೇ ಉಳಿದವಳು. ಯಾವ ಕಾಗದವನ್ನೂ ಓದದೆ ಪಕ್ಕಕ್ಕಿಡುವುದು ಅವಳ ಜಾತಕದಲ್ಲೇ ಬರೆದಿರಲಿಲ್ಲ. ಔಷಧದ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದಿ, ಅದರಲ್ಲೊಂದು ಅಚ್ಚಿನ ತಪ್ಪು ಹುಡುಕಿ ಕಂಪನಿಗೆ ಪತ್ರ ಬರೆಯುವಂಥವಳು. ಮೂರು ವಾರ ಕೂತು ಅವನ ಉಲ್ಲೇಖಗಳ ಪಟ್ಟಿ ಮಾಡಿದ್ದಳು. ನಮ್ಮಲ್ಲಿ ಪ್ರೊಫೆಸರ್ ಆಗಬೇಕಾದವನು ತನ್ನನ್ನು ಯಾರು, ಎಲ್ಲಿ, ಯಾವ ಪುಟದಲ್ಲಿ ಉಲ್ಲೇಖಿಸಿದ್ದಾರೆಂದು ಒಂದೊಂದಾಗಿ ಬರೆದು, ನಂಬರು ಹಾಕಿ, ಆಯಾ ಪುಟದ ಪ್ರತಿ ತೆಗೆದು ಲಗತ್ತಿಸಬೇಕು. ಒಂದು ಉಲ್ಲೇಖಕ್ಕೆ ಎರಡು ಅಂಕ. ಬೇಕಾದದ್ದು ಐವತ್ತು ಉಲ್ಲೇಖ. ಮಿಂಕೊಗೆ ಇದ್ದದ್ದು ಏಳುನೂರ ನಲವತ್ತಮೂರು.

"ಡೈರೆಕ್ಟರಿಗೂ ಇಷ್ಟಿಲ್ಲ," ಎಂದು ಸ್ವಿಲೆನಾ ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಚಕ್ರದ ಆಕಾರದ ಚಿತ್ರ, ಹೋಳು ಹೋಳಾಗಿ ಬಣ್ಣ ತುಂಬಿದ್ದು. "ಅವರದ್ದು ಎರಡೇ ಕ್ಷೇತ್ರ. ನಿಮ್ಮದು ಹನ್ನೊಂದು. ನೀಲಿ ಹಾಲು ಮೊಸರಿನದು. ಕೆಂಪು ವೈದ್ಯಕೀಯ. ಹಸಿರು ಮಣ್ಣು, ಕಂದು ಕೊಳಚೆ ನೀರು. ಇಲ್ಲಿ ಕೋಳಿ ಸಾಕಣೆ, ಜೇನು ಸಾಕಣೆ. ಈ ಬೂದು ಬಣ್ಣದ್ದು ಕಾಂಕ್ರೀಟ್."

"ಕಾಂಕ್ರೀಟಾ?"

"ಬಿರುಕು ಬಿಟ್ಟರೆ ತಾನೇ ಮುಚ್ಚಿಕೊಳ್ಳೋ ಕಾಂಕ್ರೀಟು. ನಿಮ್ಮ ಸೂಕ್ಷ್ಮಜೀವಿ ಒಣ ಕಡ್ಡಿಯಲ್ಲಿ ಒಂದು ಚಳಿಗಾಲ ಪೂರ್ತಿ ಬದುಕಿತ್ತಲ್ಲ, ಅದನ್ನ ಆಧಾರ ಇಟ್ಕೊಂಡಿದಾರೆ. ಈ ಸಣ್ಣ ಹಳದಿ ಗೀರು ನೋಡಿದ್ರಾ? ಅದು ಧರ್ಮಶಾಸ್ತ್ರ. ಪವಾಡಗಳ ಬಗ್ಗೆ ಒಂದು ಪ್ರಬಂಧ. ಬತ್ತಿದ ಕಡ್ಡಿಯಲ್ಲಿ ಜೀವ ಅಂತ ನಿಮ್ಮನ್ನ ಹೆಸರಿಸಿದಾರೆ."

ಅವಳು ನಕ್ಕಳು. ಅವನೂ ನಕ್ಕ. ಕಡ್ಡಿಯ ಮಾತು ಬಂದಾಗಲೆಲ್ಲ ಹೀಗೆ ನಗುವುದು ಅವನಿಗೆ ಹನ್ನೊಂದು ವರ್ಷದ ಅಭ್ಯಾಸ.

"ಒಂದೇ ಒಂದು ಕಾಗದ ಕಮ್ಮಿ ಇದೆ, ಡೊಸೆಂಟ್."

"ಇನ್ನೇನಮ್ಮಾ? ಬೆಳಿಗ್ಗೆ ಮುಖ ತೊಳೆದಿದ್ದಕ್ಕೆ ಪ್ರಮಾಣಪತ್ರ ಬೇಕಂತಾ?"

"ಪಾಲುಪತ್ರ. ಇಬ್ಬರು ಲೇಖಕರಿದ್ರೆ ಯಾರು ಏನು ಮಾಡಿದ್ರು, ಎಷ್ಟು ಪಾಲು ಅಂತ ಬರೆದು ಇಬ್ರೂ ಸಹಿ ಹಾಕ್ಬೇಕು. ಕಡ್ಡಿಯ ಲೇಖನದಲ್ಲಿ ನಿಮ್ಮ ಜೊತೆ ಜಿ. ಪೇಯೆವಾ ಅಂತ ಇದೆಯಲ್ಲ, ಅವರು ಯಾರು? ಬದುಕಿದಾರಾ?"

"ಬದುಕಿದಾಳೆ," ಎಂದ ಮಿಂಕೊ. "ನಮ್ಮ ಪ್ರಯೋಗಾಲಯದಲ್ಲೇ ಸಹಾಯಕಿಯಾಗಿದ್ದಳು."

"ಸದ್ಯ! ಸತ್ತಿದ್ರೆ ವಾರಸುದಾರರನ್ನ ಹುಡುಕ್ಬೇಕಿತ್ತು. ಎರಡು ಪ್ರತಿ ತಗೊಂಡ್ಹೋಗಿ, ಒಂದು ಅರ್ಜಿಗೆ, ಒಂದು ನಿಮಗೆ. ನಾನು ಮೂರೂವರೆಗೆ ಕಚೇರಿ ಕಿಟಕಿ ಹತ್ರ ಫೈಲು ಹಿಡ್ಕೊಂಡು ನಿಂತಿರ್ತೀನಿ."

ಟ್ರಾಮು ತಿರುವಿನಲ್ಲಿ ಕಿರುಚಿತು. ಮೆಣಸಿನಕಾಯಿ ಚೀಲ ಮಿಂಕೊನ ಕಡೆಗೆ ವಾಲಿ, ಒಡತಿ ಅದನ್ನು ತಬ್ಬಿ ಹಿಡಿದು, ಅವನತ್ತ ಕಳ್ಳನನ್ನು ನೋಡುವಂತೆ ನೋಡಿದಳು. ಏಳುನೂರ ನಲವತ್ತಮೂರರಲ್ಲಿ ಏಳುನೂರ ಹನ್ನೆರಡು ಆ ಒಂದೇ ಲೇಖನದ್ದು. ಮಿಕ್ಕ ಇಡೀ ಬದುಕಿನ ಗಳಿಕೆ ಮೂವತ್ತೊಂದು. ಮೂವತ್ತೊಂದು ಲೇಖನ ಬರೆದು ಮೂವತ್ತೊಂದು ಉಲ್ಲೇಖ, ಕೆಲವಕ್ಕೆ ಸೊನ್ನೆ. ಆ ಸೊನ್ನೆಯವುಗಳ ಮೇಲೆ ಅವನಿಗೆ ಮಂದಬುದ್ಧಿಯ ಮಕ್ಕಳ ಮೇಲಿರುವಂಥ ಪ್ರೀತಿ. ಹುಳಿಯಾದ ಕುರಿಹಾಲಿನಲ್ಲಿ ಬೆಳೆಯುವ ಒಂದು ಶಿಲೀಂಧ್ರದ ಬಗ್ಗೆ ಏಳು ವರ್ಷ ದುಡಿದು ಬರೆದದ್ದನ್ನು ಓದಿದವನು ಇಡೀ ಭೂಮಂಡಲದಲ್ಲಿ ಒಬ್ಬನೇ, ಅಚ್ಚಿನ ಮೊಳೆ ಜೋಡಿಸಿದವನು. ಅದು ನಿಜವಾದ ಕೆಲಸ. ಅದರ ಒಂದೊಂದು ಅಂಕಿಯನ್ನೂ ಅವನು ಮೂರು ಮೂರು ಸಲ ಅಳೆದಿದ್ದ. ಕಡ್ಡಿಯ ಲೇಖನವನ್ನು ಬರೆದದ್ದು ಹನ್ನೊಂದು ದಿನದಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಸಂಸ್ಥೆಯಿಂದ ಯಾರನ್ನು ತೆಗೆಯಬೇಕೆಂದು ಪಟ್ಟಿ ತಯಾರಾಗುತ್ತಿದ್ದ ಚಳಿಗಾಲದಲ್ಲಿ. ಆಗ ಅವನ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿತ್ತು. ಬೆಟ್ಟದ ಮುದುಕಿಯರು ಹೆಪ್ಪು ಸತ್ತುಹೋದರೆ ದ್ರ್ಯಾನ್ ಎಂಬ ಕಾಡುಹಣ್ಣಿನ ಗಿಡದ ಕಡ್ಡಿಯನ್ನು ಹಾಲಿನಲ್ಲಿ ಅದ್ದಿಟ್ಟು ಹೊಸ ಮೊಸರು ಮಾಡುತ್ತಾರೆ ಎಂಬ ಮಾತು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅದನ್ನು ವಿಜ್ಞಾನದಿಂದ ತೋರಿಸಿಬಿಡುತ್ತೇನೆ ಎಂದು ಅವನು ಹೊರಟಿದ್ದ. ನೂರ ಮೂವತ್ತು ಕಡ್ಡಿ, ನೂರ ಮೂವತ್ತು ಸೀಸೆ ಹಾಲು, ಮೂರು ತಿಂಗಳು. ಹಾಲು ಕೆಟ್ಟಿತು, ನಾರಿತು, ಒಂದು ಸೀಸೆಯಲ್ಲಿ ನೀಲಿ ಬಣ್ಣಕ್ಕೂ ತಿರುಗಿತು. ಮೊಸರಾಗಲಿಲ್ಲ. ಆಮೇಲೆ ಒಂದು ಸೋಮವಾರ ಬಾಗಿಲು ತೆಗೆದರೆ ಏಳನೆಯ ಸೀಸೆಯಲ್ಲಿ ಗಟ್ಟಿ ಮೊಸರು, ಸೀಸೆ ಬಗ್ಗಿಸಿದರೂ ಅಲುಗದಂಥದ್ದು. ಅವನು ಕುಣಿದ. ಕುಣಿದ ರಭಸಕ್ಕೆ ಕೆಳಗಿನ ಮಹಡಿಯಲ್ಲಿ ಮೂರು ಸೂಕ್ಷ್ಮದರ್ಶಕಗಳ ಗಾಜು ಹೊಂದಿಕೆ ತಪ್ಪಿತೆಂದು ಇವತ್ತಿಗೂ ಹೇಳುತ್ತಾರೆ. ಸಹಾಯಕಿ ಗಿನಾ ಪೇಯೆವಾ ಬಾಗಿಲ ಹತ್ತಿರ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತು ನಗುತ್ತಿದ್ದಳು. ಆ ಖುಷಿಯಲ್ಲೇ, ನೀನೂ ಕಡ್ಡಿ ಕತ್ತರಿಸಿದ್ದೀಯಲ್ಲ ಎಂದು, ಅವಳ ಹೆಸರನ್ನೂ ಲೇಖನಕ್ಕೆ ಸೇರಿಸಿದ್ದ. ಏಳನೆಯ ಸೀಸೆಯಿಂದ ತೆಗೆದ ಸೂಕ್ಷ್ಮಜೀವಿಗೆ ಡಿ-ಏಳು ಎಂದು ಹೆಸರಿಟ್ಟ. ಡಿ-ಏಳು ಅವನ ಹೆಸರು ಹೊತ್ತು ಹೊರಟಿತು, ಕೋಳಿಗಳ ಬಳಿಗೆ, ಜೇನುಗಳ ಬಳಿಗೆ, ಕಾಂಕ್ರೀಟಿನ ಬಿರುಕುಗಳಿಗೆ.

ಹನ್ನೊಂದು ವರ್ಷದ ಹಿಂದೆ ಸಂಸ್ಥೆಯ ವಾರ್ಷಿಕೋತ್ಸವದ ಊಟಕ್ಕೆ ಹಳೆಯ ಸಿಬ್ಬಂದಿಯನ್ನೂ ಕರೆದಿದ್ದರು. ಗಿನಾ ಎರಡು ಲೋಟ ರಕಿಯಾ ಕುಡಿದು ಅವನ ಪಕ್ಕ ಬಂದು ಕುಳಿತು, ಕಿವಿಯ ಹತ್ತಿರ ಬಾಯಿ ತಂದು, ಹಣ್ಣಿನ ಸಾರಾಯಿಯ ವಾಸನೆ ಹೊಡೆಯುವ ಉಸಿರಿನಲ್ಲಿ ಹೇಳಿದ್ದಳು: ಅವತ್ತು ಶುಕ್ರವಾರ ಮಧ್ಯಾಹ್ನ, ನೀನು ಹೋದ ಮೇಲೆ, ಏಳನೇ ಸೀಸೆಗೆ ನಾನೇ ಒಂದು ಚಮಚ ಮೊಸರು ಹಾಕಿದ್ದೆ ಕಣೋ, ಮನೆಯಿಂದ ಊಟಕ್ಕೆ ತಂದಿದ್ದು. ಅವನು ಜೋರಾಗಿ ನಕ್ಕು, "ಏನ್ ತಮಾಷೆ ಮಾಡ್ತೀಯ ಲೇಲ್ಯಾ," ಎಂದ. ಲೇಲ್ಯಾ ಎಂದರೆ ಅತ್ತೆ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅತ್ತೆಯೇ. ಅಲ್ಲಿಂದ ಎದ್ದು ಹೋಗಿ ಶೌಚಾಲಯದಲ್ಲಿ ಮುಖ ತೊಳೆದುಕೊಂಡ. ತೊಳೆದುಕೊಳ್ಳುತ್ತಲೇ ಇದ್ದ. ಹೊರಗೆ ಬಂದಾಗ ಊಟ ಮುಗಿದು ಬಟ್ಟಲುಗಳನ್ನು ಎತ್ತುತ್ತಿದ್ದರು. ಆ ಹೊತ್ತಿಗೆ ಉಲ್ಲೇಖಗಳು ನಾನೂರು ದಾಟಿದ್ದವು. ಮೂರು ವರ್ಷದ ಮೇಲೆ ಫಿನ್ಲೆಂಡಿನ ಯಾರೋ ಇಬ್ಬರು ಬರೆದರು: ಡಿ-ಏಳನ್ನು ಕೂಲಂಕಷವಾಗಿ ನೋಡಿದ್ದೇವೆ, ಅದಕ್ಕೂ ಬಲ್ಗೇರಿಯಾದ ಮನೆಮನೆಯ ಹೆಪ್ಪಿಗೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎಷ್ಟು ಮರ್ಯಾದೆಯಿಂದ ಬರೆದಿದ್ದರೆಂದರೆ ಯಾರ ಗಮನಕ್ಕೂ ಬರಲಿಲ್ಲ. ಪಟ್ಟಿಯಲ್ಲಿ ಅದಕ್ಕೂ ಒಂದು ನಂಬರಿದೆ. ಅದಕ್ಕೂ ಎರಡು ಅಂಕ.

ಗಮನಿಸಿದವಳು ಒಬ್ಬಳೇ, ಸ್ವಿಲೆನಾ. ಆಗ ಅವಳ ಡಾಕ್ಟರೇಟಿನ ಎರಡನೆಯ ವರ್ಷ. ಫಿನ್ಲೆಂಡಿನವರ ಲೇಖನ ಹಿಡಿದುಕೊಂಡು, ಕೋಪದಿಂದ ಕಿವಿ ಕೆಂಪಾಗಿ ಬಂದಿದ್ದಳು. "ಅವರಿಗೆ ಅರ್ಥ ಆಗಿಲ್ಲ, ಡೊಸೆಂಟ್. ನಮ್ಮದು ಕಡ್ಡಿಯಿಂದ ಬಂದದ್ದೇ. ಇಪ್ಪತ್ತು ವರ್ಷ ಹಾಲಿನಲ್ಲಿ ಸುಖವಾಗಿದ್ದು ಕಡ್ಡಿಯ ಬದುಕು ಮರೆತಿದೆ ಅಷ್ಟೆ. ನಾನು ತೋರಿಸ್ತೀನಿ." ಅವನು ಏನು ಹೇಳಿದ? ನೆನಪಿದೆ, ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. "ಒಳ್ಳೆ ಯೋಚನೆ," ಎಂದಿದ್ದ. ಅವಳು ತೋರಿಸಿದಳು. ಐದು ವರ್ಷ, ಮುನ್ನೂರು ಪುಟ, ನಾಲ್ಕು ಲೇಖನ. ಮರೆತದ್ದನ್ನು ನೆನಪಿಸಲು ಡಿ-ಏಳನ್ನು ಒಣಗಿಸಿದಳು, ಹಿಮದಲ್ಲಿಟ್ಟಳು, ಕಡ್ಡಿಯ ಪುಡಿ ತಿನ್ನಿಸಿದಳು. ಪ್ರತಿ ಸಲವೂ ಸ್ವಲ್ಪ ನೆನಪಾದಂತೆ ಕಾಣುತ್ತಿತ್ತು; ಕಾಣಬೇಕೆಂದು ಅಷ್ಟು ಹಟದಿಂದ ನೋಡುವ ಕಣ್ಣಿಗೆ ಕಲ್ಲೂ ಕಣ್ಣು ಮಿಟುಕಿಸುತ್ತದೆ. ಒಂದು ಮಧ್ಯಾಹ್ನ ಅವಳು ಕೆಲಸದ ಮೇಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು, ಕೆನ್ನೆಯ ಮೇಲೆ ಗಾಜಿನ ತಟ್ಟೆಯ ಅಂಚಿನ ಗುರುತು ದುಂಡಗೆ ಬಿದ್ದಿತ್ತು. ಈಗ ಹೇಳಬೇಕು, ಅವಳು ಎದ್ದ ಕೂಡಲೇ ಹೇಳಿಬಿಡಬೇಕು ಎಂದು ಬಾಗಿಲಲ್ಲಿ ನಿಂತಿದ್ದ. ಅವಳು ಏಳುವುದಕ್ಕೆ ಮೊದಲು ಕಾಫಿ ತರುತ್ತೇನೆಂದು ಹೊರಗೆ ಹೋದ.

ಗಿನಾಳ ಮನೆ ಎಂಟನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟು ನಿಂತು ಎಷ್ಟು ಕಾಲವಾಗಿತ್ತೆಂದರೆ ಒಳಗಿನ ಜೇಡಗಳು ಮೊಮ್ಮಕ್ಕಳ ಮದುವೆಯನ್ನೂ ಮುಗಿಸಿದ್ದವು. ಮಿಂಕೊ ನಾಲ್ಕನೆಯ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡ, ಆರನೆಯದರಲ್ಲಿ ಇನ್ನೊಮ್ಮೆ. ಪ್ರತಿ ಬಾಗಿಲಿನಿಂದಲೂ ಸುಟ್ಟ ಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಎಂಬತ್ತಮೂರರ ಮುದುಕಿ ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕುಳಿತು, ಹೊಗೆಯ ನಡುವೆ, ಕರಕಲಾದ ಮೆಣಸಿನಕಾಯಿಗಳನ್ನು ಬರಿಗೈಯಲ್ಲಿ ಎತ್ತಿ ಪಾತ್ರೆಗೆ ಹಾಕುತ್ತಿದ್ದಳು. ಆ ಬೆರಳುಗಳಿಗೆ ಬಿಸಿ ತಾಗುತ್ತಿರಲಿಲ್ಲ. ಮೂವತ್ತು ವರ್ಷ ಕುದಿಯುವ ನೀರಿನಿಂದ ಸೀಸೆ ತೆಗೆದ ಬೆರಳುಗಳು ಅವು.

"ಯಾರದು? ಮಿಂಕೊನಾ? ಬಾರೋ ಹುಡುಗಾ, ಕೈ ತೊಳಕೊಂಡು ಬಾ, ಸಿಪ್ಪೆ ಸುಲಿ."

"ಲೇಲ್ಯಾ, ಒಂದು ಸಹಿ ಬೇಕಿತ್ತು."

"ಸಹಿ ಎಲ್ಲೂ ಓಡಿಹೋಗಲ್ಲ. ಇದು ಬಿಸಿ ಇರೋವಾಗ್ಲೇ ಸುಲೀಬೇಕು. ನಿನ್ನ ಹೆಂಡ್ತಿ ಮಾಡಲ್ವಾ?"

"ಅಂಗಡಿಯಿಂದ ಡಬ್ಬಿ ತರ್ತಾಳೆ."

"ದೇವರು ಅವಳನ್ನ ಕ್ಷಮಿಸಲಿ. ನಿನ್ನನ್ನೂ, ಅದನ್ನ ತಿಂತೀಯಲ್ಲ."

ಅವನು ಕೋಟು ಬಿಚ್ಚಿ, ತೋಳು ಮಡಚಿ ಕುಳಿತ. ಮೆಣಸಿನಕಾಯಿಯ ಸಿಪ್ಪೆ ಒದ್ದೆ ಕಾಗದದಂತೆ ಬೆರಳಿಗೆ ಅಂಟುತ್ತಿತ್ತು, ಬಿಸಿ ಉಗುರಿನ ಸಂದಿಗೆ ಇಳಿಯುತ್ತಿತ್ತು. ಹನ್ನೆರಡನೆಯದನ್ನು ಸುಲಿಯುವಾಗ ಕಾರಣ ಹೇಳಿದ. ಪ್ರೊಫೆಸರ್ ಹುದ್ದೆ, ಅರ್ಜಿ, ಪಾಲುಪತ್ರ. ಅವಳಿಗೆ ಅರ್ಥವಾಗಲಿ ಎಂದು ಕೈ ಒರೆಸಿಕೊಂಡು ಚಿತ್ರವನ್ನೂ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು, ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇಷ್ಟೂ ಜನ ನಮ್ಮ ಕಡ್ಡಿ ಲೇಖನ ಓದಿದಾರಾ?"

"ಓದಿದಾರೆ ಅಂತ ಹೇಳಕ್ಕಾಗಲ್ಲ. ಹೆಸರು ಬರೆದಿದಾರೆ."

"ಎಷ್ಟು ಜನ?"

"ಏಳುನೂರ ಹನ್ನೆರಡು."

ಗಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು, ಹೊಗೆಯಿಂದ ಎಂದುಕೊಂಡ. "ನಮ್ಮತ್ತೆ, ನನ್ನ ಗಂಡನ ಅಮ್ಮ, ಈಗ ಬದುಕಿರಬೇಕಿತ್ತು," ಎಂದಳು. "ಸಾಯೋವರೆಗೂ ನನ್ನನ್ನ ಹೊಸ್ತಿಲು ದಾಟಿದ ಅಪಶಕುನ ಅಂತಿದ್ಲು. ಒಂದು ಚಮಚ ಹೆಪ್ಪು ಕೊಡೋಕೆ ಹನ್ನೆರಡು ವರ್ಷ ಸತಾಯಿಸಿದ್ಲು, ಗೊತ್ತಾ? ಅವಳ ಮೊಸರು ಗೋರ್ನಾ ಲೂಕಾ ಹಳ್ಳಿಗೇ ಹೆಸರುವಾಸಿ. ಕೋಳಿಗೆ, ಜೇನಿಗೆ, ಆಸ್ಪತ್ರೆಗೆ... ಇದೇನು ಬೂದಿ ಬಣ್ಣ?"

"ಕಾಂಕ್ರೀಟು."

"ಅತ್ತೆ ಮೊಸರಿನಿಂದ ಕಾಂಕ್ರೀಟು! ಸರಿಯಾಗಿದೆ. ಅಷ್ಟು ಗಟ್ಟಿ ಇರ್ತಿತ್ತು."

ಮಿಂಕೊ ಮೆಣಸಿನಕಾಯಿಯನ್ನು ಕೆಳಗಿಟ್ಟ. ಇಷ್ಟು ವರ್ಷ ತನ್ನ ಗುಟ್ಟನ್ನು ಕಾಯುತ್ತಿದ್ದಾಳೆ ಎಂದುಕೊಂಡಿದ್ದ; ಅವಳು ಕಾಯುತ್ತಿದ್ದದ್ದು ತನ್ನದೇ ಮನೆಯ ಮೊಸರಿನ ಕೀರ್ತಿಯನ್ನು. ಅವಳ ಮಟ್ಟಿಗೆ ಅದು ತಪ್ಪೊಪ್ಪಿಗೆಯೇ ಆಗಿರಲಿಲ್ಲ. "ಲೇಲ್ಯಾ," ಎಂದ ಮೆಲ್ಲಗೆ, "ಈ ಕಾಗದದಲ್ಲಿ ನಿನ್ನ ಕೆಲಸ ಅಂತ ಒಂದು ಜಾಗ ಇದೆ. ಅಲ್ಲಿ ತಾಂತ್ರಿಕ ನೆರವು ಅಂತ ಬರೆದ್ರೆ ಸಾಕು."

"ಹಂಗಂದ್ರೆ?"

"ಸೀಸೆ ತೊಳೆದದ್ದು, ಕಾಯಿಸಿದ್ದು, ಕಡ್ಡಿ ಕತ್ತರಿಸಿದ್ದು."

"ತೊಳೆದೆ. ಮೂವತ್ತು ವರ್ಷ ಎಲ್ಲರದ್ದೂ ತೊಳೆದೆ. ಅದಕ್ಕಾ ಏಳುನೂರು ಜನ ಹೆಸರು ಬರೆದಿರೋದು?"

ಅವನು ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡ. ಕೆಳಗೆ ಯಾರೋ ಯಾರನ್ನೋ ಕಾರು ತೆಗೆಯೆಂದು ಬೈಯುತ್ತಿದ್ದರು.

"ಯಾಕೆ ಹಾಕಿದೆ ಅದನ್ನ?" ಎಂದು ಕೇಳಿದ. ಹನ್ನೊಂದು ವರ್ಷದಲ್ಲಿ ಕೇಳದೆ ಉಳಿದ ಪ್ರಶ್ನೆ ಇಷ್ಟು ಸಣ್ಣದಾಗಿ ಹೊರಬಂದದ್ದು ಅವನಿಗೇ ಆಶ್ಚರ್ಯ. "ನನಗೋಸ್ಕರವಾ? ನನ್ನ ಕೆಲಸ ಹೋಗತ್ತೆ ಅಂತ?"

"ನಿನ್ನ ಕೆಲಸದ ವಿಷಯ ನಂಗೇನು ಗೊತ್ತಿತ್ತು? ನೀನು ಮೂಗು ಒರೆಸ್ಕೊಂಡು ಹೋಗಿದ್ದು ನೋಡಿದ್ದೆ, ಅದು ಬೇರೆ. ಮೂರು ತಿಂಗಳಿಂದ ಹಾಲು ಹಂಗೇ ಕೂತಿದೆ, ಒಂದೂ ಹೆಪ್ಪಾಗ್ತಿಲ್ಲ. ಎರಡು ದಿನ ರಜ, ಅದನ್ನ ಹಂಗೇ ಬಿಟ್ಟು ಬೀಗ ಹಾಕಿ ಹೋಗೋದು ಹೆಂಗೆ? ಯಾವ ಹೆಂಗಸಿಗೆ ಮನಸ್ಸು ಬರತ್ತೆ? ಊಟದ ಡಬ್ಬೀಲಿ ತಳದಲ್ಲಿ ಒಂದು ಚಮಚ ಉಳಿದಿತ್ತು, ಹಾಕಿ ಬಟ್ಟೆ ಸುತ್ತಿಟ್ಟೆ." ಅವಳು ಅವನ ಮುಂದಿದ್ದ ರಾಶಿಯನ್ನು ನೋಡಿ, ಸರಿಯಾಗಿ ಸುಲಿಯದ ಒಂದನ್ನು ಎತ್ತಿಕೊಂಡಳು. "ನಾನು ಹಾಲಿಗೆ ಸಹಾಯ ಮಾಡಿದ್ದು ಕಣೋ. ನಿಂಗಲ್ಲ."

ಆಮೇಲೆ ಅವಳು ಕೈತೊಳೆದು ಬಂದು, ಅಡುಗೆಮನೆಯ ಮೇಜಿಗೆ ಕುಳಿತು ಬರೆದಳು. ಬರೆಯುವುದನ್ನು ನೋಡುವಷ್ಟರಲ್ಲಿ ಅವನಿಗೆ ಇನ್ನೂ ಎರಡು ವರ್ಷ ವಯಸ್ಸಾಯಿತು. ಒಂದೊಂದು ಅಕ್ಷರವೂ ಬೆಟ್ಟ ಹತ್ತಿ ಇಳಿಯುತ್ತಿತ್ತು. *ಏಳನೆಯ ಸೀಸೆಗೆ ನನ್ನ ಅತ್ತೆ, ಗೋರ್ನಾ ಲೂಕಾದ ತ್ಸೋನಾ ಪೇಯೆವಾ, ಇವರ ಮೊಸರನ್ನು ಒಂದು ಚಮಚ ಹಾಕಿದ್ದು ನಾನು.* ಬರೆದು, ತಾನೇ ಒಮ್ಮೆ ಓದಿಕೊಂಡು, ತ್ಸೋನಾ ಎಂಬ ಹೆಸರಿನ ಕೆಳಗೆ ಗೆರೆ ಎಳೆದಳು.

"ಈ ಪಾಲು ಅಂತ ಇದೆಯಲ್ಲ, ಇಲ್ಲೇನು ಬರೀಲಿ?"

"ನೂರರಲ್ಲಿ ಎಷ್ಟು ಅಂತ. ನಿಂಗೆ ಎಷ್ಟು ಅನ್ಸುತ್ತೋ ಅಷ್ಟು."

ಅವಳು ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಮುಕ್ಕಾಲು ಬರೆದರೂ ಸರಿ, ಪೂರ್ತಿ ಬರೆದುಕೊಂಡರೂ ಸರಿ ಎಂದು ಅವನು ಕಾದ. ಬಹುಶಃ ಅವಳು ಪೂರ್ತಿ ಬರೆದುಕೊಳ್ಳಲಿ ಎಂದೇ ಕಾದ. ಹಾಗಾದರೆ ಅರ್ಜಿ ತಾನಾಗಿ ಬೀಳುತ್ತದೆ, ತಾನು ಏನೂ ಮಾಡಬೇಕಾಗಿಲ್ಲ. "ಒಂದು ಸೀಸೆ ಹಾಲಿಗೆ ಒಂದು ಚಮಚ," ಎಂದು ಅವಳು ಲೆಕ್ಕ ಹಾಕಿದಳು, "ಹೆಚ್ಚೆಂದ್ರೆ ನೂರಕ್ಕೆ ಒಂದು. ಉಳಿದಿದ್ದೆಲ್ಲ ನಿಂದೇ. ಕಾಯ್ದೋನು ನೀನು, ಬರೆದೋನು ನೀನು, ಚಳೀಲಿ ಬೆಟ್ಟ ಹತ್ತಿ ಕಡ್ಡಿ ತಂದೋನು ನೀನು. ಸುಳ್ಳು ಹೇಳ್ಬಾರ್ದು." ಅವನ ಹೆಸರಿನ ಮುಂದೆ ತೊಂಬತ್ತೊಂಬತ್ತು ಎಂದೂ ತನ್ನ ಹೆಸರಿನ ಮುಂದೆ ಒಂದು ಎಂದೂ ಬರೆದಳು. ಎರಡನೆಯ ಪ್ರತಿಯಲ್ಲಿ ಬರೆಯುವಷ್ಟರಲ್ಲಿ ಬೆರಳು ಮರಗಟ್ಟಿತು. ಸಹಿಯನ್ನಷ್ಟೇ ಹಾಕಿ, "ಇದ್ರಲ್ಲಿ ನೀನೇ ನೋಡ್ಕೊಂಡು ಬರ್ಕೋ," ಎಂದು ಕೊಟ್ಟಳು. ಬಾಗಿಲಲ್ಲಿ ಅವನ ಕೈಗೆ ಸುಲಿದ ಮೆಣಸಿನಕಾಯಿಯ ಒಂದು ಸೀಸೆ ಇಟ್ಟು ಕೇಳಿದಳು: "ನಾನು ಬರೆದಿದ್ರಿಂದ ನಿಂಗೇನೂ ತೊಂದ್ರೆ ಇಲ್ಲ ತಾನೇ?"

"ಇಲ್ಲ," ಎಂದ.

ವಾಪಸು ಬರುವ ಟ್ರಾಮಿನಲ್ಲಿ ಒಬ್ಬಳು ಹುಡುಗಿ ಅವನನ್ನು ನೋಡಿದ ತಕ್ಷಣ ಎದ್ದು ಸೀಟು ಬಿಟ್ಟುಕೊಟ್ಟಳು. ತಾನು ಅಷ್ಟು ಮುದುಕನಾಗಿ ಕಾಣುತ್ತಿರಬೇಕು, ಅಥವಾ ಅಷ್ಟು ಹೊಗೆ ನಾರುತ್ತಿರಬೇಕು. ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸಹಿ ಮಾತ್ರ ಇದ್ದ ಖಾಲಿ ಪ್ರತಿಯನ್ನು ಹೊರತೆಗೆದ. ಪೆನ್ನನ್ನೂ ತೆಗೆದ. ತಾಂತ್ರಿಕ ನೆರವು, ಎರಡೇ ಪದ. ಐವತ್ತು, ಐವತ್ತು, ಎರಡೇ ಅಂಕಿ. ಮುದುಕಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಬೈದು ಇನ್ನೊಂದು ಸೀಸೆ ಮೆಣಸಿನಕಾಯಿ ಕೊಡುತ್ತಾಳೆ. ಡಿ-ಏಳು ಕಾಂಕ್ರೀಟಿನಲ್ಲಿ ಬದುಕುತ್ತಿದೆಯೋ ಸಾಯುತ್ತಿದೆಯೋ ಕಾಂಕ್ರೀಟಿನವರು ನೋಡಿಕೊಳ್ಳುತ್ತಾರೆ. ಸ್ವಿಲೆನಾಗೆ ಮುಂದಿನ ವರ್ಷ ಡೊಸೆಂಟ್ ಹುದ್ದೆಯ ಅರ್ಜಿ, ಅವಳ ನಾಲ್ಕು ಲೇಖನಗಳೂ ಇದೇ ಡಿ-ಏಳಿನ ಮೇಲೆ. ತಾನು ಸುಮ್ಮನಿದ್ದರೆ ಅವಳಿಗೂ ಒಳ್ಳೆಯದೇ. ಈ ಮಾತನ್ನು ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಉಜ್ಜಿದ್ದನೆಂದರೆ ಅದು ನುಣುಪಾಗಿ, ಹಿಡಿದರೆ ಕೈಯಿಂದ ಜಾರುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದ. ಬೆರಳಿಗೆ ಅಂಟಿದ್ದ ಸಿಪ್ಪೆಯ ಚೂರೊಂದು ಕಾಗದದ ಅಂಚಿಗೆ ಕಂದು ಕಲೆ ಮಾಡಿತು. ಅದನ್ನು ಒರೆಸಲು ಹೋದಾಗ ಕಲೆ ದೊಡ್ಡದಾಯಿತು. ಬರೆಯುವುದಿಲ್ಲ ಎಂದು ಅವನು ನಿರ್ಧರಿಸಿದ್ದೇನೂ ಇಲ್ಲ. ಪೆನ್ನು ಹಿಡಿದ ಕೈ ಎತ್ತುವುದೇ ಆಗಲಿಲ್ಲ. ಇಪ್ಪತ್ತೆರಡು ವರ್ಷದ ಸುಸ್ತು ಅಷ್ಟೂ ಆ ಮೊಣಕೈಯಲ್ಲಿ ಬಂದು ಕುಳಿತಂತಿತ್ತು.

ಕಚೇರಿಯ ಕಿಟಕಿ ನೆಲಮಹಡಿಯಲ್ಲಿ, ಕತ್ತಲು ಓಣಿಯ ತುದಿಯಲ್ಲಿ. ಮೂರು ಮುಕ್ಕಾಲು. ಸ್ವಿಲೆನಾ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಫೈಲು ಎರಡು ಇಟ್ಟಿಗೆಯ ದಪ್ಪವಿತ್ತು. ಕಿಟಕಿಯ ಆಚೆ ಗುಮಾಸ್ತೆ ತಾಬಾಕೊವಾ, ಮೂವತ್ತು ವರ್ಷದಿಂದ ಅದೇ ಕಿಟಕಿಯಲ್ಲಿ ಕುಳಿತವಳು, ಅವಳ ಹಿಂದಿನ ಗೋಡೆಗೆ ಅವಳ ನೆರಳು ಬಣ್ಣದಂತೆ ಹಿಡಿದಿತ್ತು.

"ಬನ್ನಿ ಬನ್ನಿ, ಡೊಸೆಂಟ್ ಅವರೇ," ಎಂದಳು. "ಅಡುಗೆ ಮಾಡಿ ಬಂದ್ರಾ? ನಾವಿಲ್ಲಿ ಬೀಗ ಹಿಡ್ಕೊಂಡು ಕೂತಿದೀವಿ."

"ಸಿಕ್ಕಿತಾ ಸಹಿ?" ಎಂದಳು ಸ್ವಿಲೆನಾ.

ಚೀಲದೊಳಗೆ ಎರಡು ಕಾಗದಗಳೂ ಒಂದರ ಮೇಲೊಂದು ಇದ್ದವು. ಮುದುಕಿಯ ಅಕ್ಷರಗಳಿದ್ದುದನ್ನು ಅವನು ತೆಗೆದು, ತಾಬಾಕೊವಾಗೆ ಕೊಡದೆ, ಸ್ವಿಲೆನಾಗೆ ಕೊಟ್ಟ. ತಾಬಾಕೊವಾ ಓದುವುದಿಲ್ಲ, ಸ್ವಿಲೆನಾ ಓದದೆ ಇರುವುದಿಲ್ಲ, ಇದು ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷದಲ್ಲಿ ಅವಳಿಗೆ ಹೇಳಿದ್ದು ಇಷ್ಟೇ, ಇದನ್ನೂ ಇನ್ನೊಬ್ಬರ ಕೈಬರಹದಲ್ಲಿ.

ಅವಳು ಓದಿದಳು. ಮೊದಲು ತುಟಿಯಲ್ಲಿ ನಗು ಬಂತು, ಮುದುಕಿಯ ಕಾಗುಣಿತಕ್ಕೋ ಅತ್ತೆಯ ಹೆಸರಿಗೆ ಎಳೆದ ಗೆರೆಗೋ. ಇನ್ನೊಮ್ಮೆ ಓದಿದಳು. ನಗು ಅಲ್ಲೇ ಇತ್ತು, ಅದರ ಹಿಂದಿನ ಮುಖ ಇರಲಿಲ್ಲ. ಓಣಿಯಲ್ಲಿ ಯಾರೋ ಬಾಗಿಲು ಹಾಕಿದರು.

"ಇದು ತಮಾಷೆನಾ?"

"ಅಲ್ಲ."

"ನಿಮಗೆ ಇವತ್ತು ಗೊತ್ತಾಯ್ತಾ?"

ಇವತ್ತು ಎಂದುಬಿಡಬಹುದಿತ್ತು. ಅವಳೇ ಆ ಬಾಗಿಲನ್ನು ತೆರೆದು ಹಿಡಿದಿದ್ದಳು, ಒಳಗೆ ಬನ್ನಿ ಎಂದು ಬೇಡಿಕೊಳ್ಳುವಂತೆ. "ಹನ್ನೊಂದು ವರ್ಷ ಆಯ್ತು," ಎಂದ.

ಸ್ವಿಲೆನಾ ಕೂಗಾಡಲಿಲ್ಲ. ಅವಳು ಲೆಕ್ಕ ಹಾಕುತ್ತಿರುವುದು ಅವನಿಗೆ ಕಾಣುತ್ತಿತ್ತು: ತಾನು ಬಂದು ಒಂಬತ್ತು, ಫಿನ್ಲೆಂಡಿನವರು ಬರೆದು ಎಂಟು, ಅದಕ್ಕೆ ಉತ್ತರ ಬರೆದದ್ದು ಐದು. ಕಾಗದವನ್ನು ಫೈಲಿನಲ್ಲಿ ಅದರ ಜಾಗದಲ್ಲಿ, ಅಂಚು ಸರಿಹೊಂದಿಸಿ, ಸೇರಿಸಿದಳು. ಆಮೇಲೆ ಫೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಉಲ್ಲೇಖಗಳ ಪಟ್ಟಿ ತೆರೆದು, ತಾಬಾಕೊವಾಳ ಕೈಯಿಂದಲೇ ಕೆಂಪು ಪೆನ್ನು ತೆಗೆದುಕೊಂಡಳು.

"ಏಯ್, ಏನಮ್ಮಾ ಅದು?"

"ಇದರಲ್ಲಿ ನನ್ನವು ನಾಲ್ಕಿವೆ," ಎಂದಳು ಸ್ವಿಲೆನಾ. "ಅವನ್ನ ತೆಗ್ದುಬಿಡ್ತೀನಿ."

ಅವಳಿಗೆ ನಂಬರುಗಳು ಬಾಯಿಪಾಠ. ಪುಟ ತಿರುಗಿಸಿ ಒಂದು ಗೆರೆ, ಪುಟ ತಿರುಗಿಸಿ ಇನ್ನೊಂದು ಗೆರೆ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ನಾಲ್ಕನೆಯದನ್ನು ಎಳೆದು ಪಕ್ಕದಲ್ಲಿ ಚಿಕ್ಕದಾಗಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ತಾಬಾಕೊವಾಗೆ ವಾಪಸು ಕೊಟ್ಟಳು. ಅವನ ಕಡೆ ನೋಡಲಿಲ್ಲ. ಓಣಿಯುದ್ದಕ್ಕೂ ಅವಳ ಹೆಜ್ಜೆಯ ಸದ್ದು ಕೇಳಿಸುತ್ತ ಹೋಯಿತು, ಅವಸರವಿಲ್ಲದ ಸದ್ದು. ಅವಳ ಬೆನ್ನಿಗೆ ಏನಾದರೂ ಕೂಗಿ ಹೇಳಬೇಕೆಂದು ಅವನ ಬಾಯಿ ತೆರೆಯಿತು. ಹೇಳಬೇಕಾದ ಮಾತು ಒಂದೇ, ಅದು ಅವಳಿಗಲ್ಲ, ಈ ಕಿಟಕಿಗೆ: ಉಳಿದವನ್ನೂ ಹೊಡೆದುಹಾಕಿ, ಎಲ್ಲವನ್ನೂ, ನನ್ನ ಮೂವತ್ತೊಂದನ್ನು ಬಿಟ್ಟು.

ತಾಬಾಕೊವಾ ನಾಲಿಗೆಗೆ ಬೆರಳು ತಾಗಿಸಿ ಹಾಳೆಗಳನ್ನು ಎಣಿಸಿದಳು. ಪಾಲುಪತ್ರದ ಹಾಳೆ ಬಂದಾಗ ಸಹಿ ಇದೆಯೇ, ಪಾಲು ಕೂಡಿದರೆ ನೂರಾಗುತ್ತದೆಯೇ ಎಂದಷ್ಟೇ ನೋಡಿದಳು. "ತೊಂಬತ್ತೊಂಬತ್ತು! ಇಂಥ ಒಳ್ಳೆ ಪಾಲು ನಾನು ಯಾವತ್ತೂ ನೋಡಿಲ್ಲ," ಎಂದಳು. "ಆ ಹುಡುಗಿಗೆ ಏನಾಯ್ತೋ. ಹೋಗ್ಲಿ ಬಿಡಿ, ನಾಲ್ಕು ಹೋದ್ರೆ ಹೋಗ್ಲಿ, ಇನ್ನೂ ಏಳುನೂರ ಮೂವತ್ತೊಂಬತ್ತು ಉಳೀತಲ್ಲ. ಬೇಕಾದ್ದು ಐವತ್ತು." ಮೊಹರನ್ನು ಶಾಯಿಯ ದಿಂಬಿಗೆ ಒತ್ತಿದಳು, ಒಮ್ಮೆ ಉಸಿರು ಊದಿದಳು. "ಹಾಕ್ಲಾ, ಡೊಸೆಂಟ್ ಅವರೇ?"

ಅವನ ಬಾಯಿ ಇನ್ನೂ ತೆರೆದೇ ಇತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಅವಳು ಕಾದಳು, ನಿಜಕ್ಕೂ ಕಾದಳು. ಮುಂದೆ ಅವನು ಎಷ್ಟು ಸಲ ಲೆಕ್ಕ ಹಾಕಿದರೂ ಅವಳು ಕಾಯಲಿಲ್ಲ ಎಂದು ಹೇಳಿಕೊಳ್ಳಲಾಗದಷ್ಟು ಹೊತ್ತು ಕಾದಳು. ಆಮೇಲೆ ಮೊಹರು ಬಿತ್ತು.